ಹಾಲವ್ವ ಅಂಡ್ ಕಂಪನಿ

“ಏಯ್ ಹಾಲವ್ವ, ನಿನ್ ಗಂಡನ್ ಹೆಸ್ರೇನೇ? ಸತ್ತೋಗಿದಾನಾ? ಬಿಡು, ಕಂಪ್ಯೂಟರ್‌ಗೇನ್ ಗೊತ್ತಾಗತ್ತೆ. ಹೇಳು!”

ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದ ಹಾಲವ್ವ ತಲೆ ಎತ್ತಿದಳು. ಕಿಟ್ಟಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ದಪ್ಪ ಮಾನಿಟರಿನ ಮುಂದೆ ಟೈಪು ಮಾಡಲು ತಯಾರಾಗಿ ಕಾಯುತ್ತಿದ್ದ. ಹಿಂದೆ ನಿಂತಿದ್ದ ಇನ್ನಿಬ್ಬರು ಹುಡುಗರು ಆಗಲೇ ಕಿಸಿಯುತ್ತಿದ್ದರು.

“ಮರೆಪ್ಪ ಅಂತಿತ್ರೀ. ಯಾಕ್ರೀ ಸರ?”

“ಯಾಕಾ? ನಿನ್ ಹೆಸ್ರು ಗೌರ್ಮೆಂಟಿಗೆ ಹೋಗತ್ತೆ ಕಣೇ. ನಾಳೆ ಒಂದ್ ಫೋಟೋ ತಂದ್ಕೊಡು. ಈಗ ಹೋಗಿ ಬಾತ್‌ರೂಮ್ ತೊಳಿ, ನಾರ್ತಾ ಇದೆ.”

ವಿಜಯನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ಗಿರಿರಾಜನ ಕಂಪನಿಗೆ ಆ ವರ್ಷ ಅದೃಷ್ಟ ಖುಲಾಯಿಸಿತ್ತು. ವ್ಯಾಪಾರದ ನೋಂದಣಿ ನಂಬರಿಗಾಗಿ ವ್ಯಾಪಾರಿಗಳು ಇಲಾಖೆಯ ಬಾಗಿಲು ಸವೆಸುವುದು ಬೇಡ, ಇಂಟರ್‌ನೆಟ್ಟಿನಲ್ಲೇ ಅರ್ಜಿ ತುಂಬಲಿ ಎಂದು ಮೇಲಿನವರಿಗೆ ಜ್ಞಾನೋದಯವಾಗಿ, ಆ ಅರ್ಜಿ ತಯಾರಿಸುವ ಕೆಲಸ ಅವನಿಗೆ ಬಂದಿತ್ತು. ಅರ್ಜಿಯೇನೋ ತಯಾರಾಯಿತು. ಅದು ಕೊನೆಯವರೆಗೂ ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಯಾರದಾದರೂ ಹೆಸರು ತುಂಬಬೇಕಲ್ಲ. “ನಮ್ಮೋರ್ ಹೆಸ್ರು ಯಾರ್ದೂ ಹಾಕ್ಬೇಡ್ರೋ, ಆಮೇಲೆ ಟ್ಯಾಕ್ಸ್‌ನೋರು ಬೆನ್ನು ಬೀಳ್ತಾರೆ” ಎಂದು ಗಿರಿರಾಜ ಎಚ್ಚರಿಸಿದ್ದ. ನಮ್ಮವರು ಯಾರು, ಅಲ್ಲದವರು ಯಾರು ಎಂದು ಹುಡುಗರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಲವ್ವ ಬಾತ್‌ರೂಮಿನ ಕಿಟಕಿಯಲ್ಲಿ ತನಗೆಂದೇ ಇಟ್ಟಿದ್ದ ಸ್ಟೀಲ್ ಲೋಟ ಪಕ್ಕಕ್ಕೆ ಸರಿಸಿ, ಗೋಡೆ ತಿಕ್ಕತೊಡಗಿದಳು. ಹೊರಗೆ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ವಯಸ್ಸಿನ ಹುಡುಗರು, ನಗಲಿ ಎಂದುಕೊಂಡಳು.

ಕೆಂಗೇರಿಯ ಮೋರಿ ಪಕ್ಕದ ಶೆಡ್ಡಿನಲ್ಲಿ ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಕೊಪ್ಪಳದಿಂದ ಬಂದು ಅಲ್ಲಿ ತಗಡು ಹೊದಿಸಿಕೊಂಡ ದಿನದಿಂದ ಹಕ್ಕುಪತ್ರ, ಹಕ್ಕುಪತ್ರ ಎಂದು ಹಲುಬಿದವಳು ಅವಳು. ಹೆಸರು ಸರ್ಕಾರಕ್ಕೆ ಹೋಗುತ್ತದೆ, ಅದರ ಮೇಲೆ ಫೋಟೋ ಬೇರೆ. ಅಂದಮೇಲೆ ಇನ್ನೇನು? ಪಕ್ಕದ ಚಿಕ್ಕಲಕ್ಷ್ಮಮ್ಮನ ಮದುವೆ ಸೀರೆ ಇಸ್ಕೊಂಡು, ಮಲ್ಲಿಗೆ ಮುಡಿದು, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ ಕಿಟ್ಟಿಯ ಕೈಗಿಟ್ಟಳು. “ಹಾಲವ್ವಂಗೆ ಮನೆ ಆಯ್ತಂತೆ” ಎಂದು ಶೆಡ್ಡುಗಳ ಇಡೀ ಸಾಲಿಗೆ ಸುದ್ದಿಯಾಯಿತು. ಅವಳೂ ಅಲ್ಲಗಳೆಯಲಿಲ್ಲ.

ಉದ್ಘಾಟನೆಯ ದಿನ ಆಫೀಸು ಮದುವೆ ಮಂಟಪವಾಗಿತ್ತು. ಇಲಾಖೆಯ ಸಾಹೇಬರು ಬಂದಿದ್ದರು, ಪೇಪರಿನವರು ಬಂದಿದ್ದರು. ರಾಜಾಜಿನಗರದ ಸೀರೆ ಅಂಗಡಿಯ ಚನ್ನಮಲ್ಲಪ್ಪನವರು ಹಾರ ಹಾಕಿಸಿಕೊಳ್ಳಲು ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊದಲ ನಂಬರು ಅವರಿಗೇ ಎಂದು ಮಾತಾಗಿತ್ತು, ಮುಹೂರ್ತವನ್ನೂ ಅವರೇ ಇಡಿಸಿದ್ದರು. ಪುರೋಹಿತರು ಕಂಪ್ಯೂಟರಿಗೆ ಕುಂಕುಮವಿಟ್ಟು, ಮೌಸಿನ ಮುಂದೆ ನಿಂಬೆಹಣ್ಣಿಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆಸಿದರು. ಅದರ ಚೂರು ಗುಡಿಸಲು ಹಾಲವ್ವ ಪೊರಕೆ ಹಿಡಿದು ಬಂದದ್ದೇ ತಡ, ಪುರೋಹಿತರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

“ಯಾರ್ರೀ ಈಯಮ್ಮನ್ನ ಬಿಟ್ಟೋರು? ಪೂಜೆ ಕೆಡತ್ತೆ!”

“ಕಣ್ ಕಾಣಲ್ವೇನೇ ಮುಂಡೇದೆ? ಪೊರಕೆ ಹಿಡ್ಕೊಂಡ್ ಎದುರಿಗ್ ಬರ್ತೀಯಾ!” ಎಂದು ಗಿರಿರಾಜ ಹಲ್ಲು ಕಡಿದ. “ಮೆಟ್ಲತ್ರ ಸಾಯಿ, ಕರೆದಾಗ ಬಾ.”

ಅವಳು ಹೋಗಿ ಮೆಟ್ಟಿಲ ಬಳಿ ನಿಂತಳು. ಒಳಗೆ ಸಾಹೇಬರು ಮೌಸ್ ಒತ್ತಿದರು. ಹಿಂದಿನ ಸಾಲಿನವರು ನೋಡದೆಯೇ ಚಪ್ಪಾಳೆ ತಟ್ಟಿದರು. ಗೋಡೆಯ ಪರದೆಯ ಮೇಲೆ ಮಲ್ಲಿಗೆ ಮುಡಿದ ಹೆಂಗಸೊಬ್ಬಳ ಮುಖ ಆಳೆತ್ತರಕ್ಕೆ ಮೂಡಿತು. ಮೊದಲ ನೋಂದಣಿ: ಹಾಲವ್ವ ಅಂಡ್ ಕಂಪನಿ.

ಪರೀಕ್ಷೆಗೆಂದು ತುಂಬಿದ ಅರ್ಜಿಯನ್ನು ತೆಗೆದುಹಾಕಲು ಕಿಟ್ಟಿ ಮರೆತಿದ್ದ.

ಬಾಗಿಲಿನಿಂದ ತನ್ನ ಮುಖ ನೋಡಿದ ಹಾಲವ್ವನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಪೊರಕೆ ಸಮೇತ ಓಡಿಬಂದಳು. ಕಣ್ಣಲ್ಲಿ ನೀರು.

“ಸರ, ನನ್ನ ಮನಿ ಆತೇನ್ರೀ?”

ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕೆಂಪಾಯಿತು. “ಏನ್ರೀ ಗಿರಿರಾಜ್ ಇದು ಅಸಹ್ಯ? ಅಳಿಸ್ರೀ ಮೊದ್ಲು!”

“ಆಗಲ್ಲ ಸಾರ್. ನಂಬರ್ ಬಂದ್ಮೇಲೆ ಮಾಲೀಕರೇ ಎದುರಿಗೆ ಬಂದು ಹೆಬ್ಬೆಟ್ ಒತ್ತದೆ ರದ್ದಾಗ್ಬಾರ್ದು ಅಂತ ನೀವೇ ರೂಲ್ ಹಾಕ್ಸಿದ್ರಿ” ಎಂದ ಗಿರಿರಾಜ.

“ರಾಹುಕಾಲ ಬಂತು ಕಣ್ರೀ” ಎಂದು ಚನ್ನಮಲ್ಲಪ್ಪನವರು ಗೋಳಾಡಿದರು.

ಪೇಪರಿನವರು ಕ್ಯಾಮೆರಾ ಎತ್ತಿದ್ದೇ ಹಾಲವ್ವನಿಗೆ ಕುರ್ಚಿ ಬಂತು. ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಹೆಸರಿನ ಮುಂದೆ ಒಂದು ‘ಅಮ್ಮ’ ಕೂಡ ಬಂತು. ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಾಫಿಯನ್ನು ಕೊನೆಯ ಹನಿಯವರೆಗೂ ಕುಡಿದಳು. ಆ ಆಫೀಸಿನಲ್ಲಿ ಕೂತು ಕುಡಿದದ್ದು ಅದೇ ಮೊದಲು.

“ಇಲ್ಲೊಂದ್ ಹೆಬ್ಬೆಟ್ ಒತ್ಬಿಡಮ್ಮ” ಎಂದು ಗಿರಿರಾಜ ಕಾಗದ ಚಾಚಿದ.

“ನನ್ನ ಹೆಸರ್ಲೆ ಏನ್ ಬರದೀರಿ ಓದ್ರಿ ಮೊದಲ.”

ಕಿಟ್ಟಿ ತಡವರಿಸಿದ. “ಏನಿಲ್ಲ ಬಿಡು, ಸುಮ್ನೆ ತಮಾಷೆಗೆ…”

“ಓದಿ ಸಾಯೋ, ಹೊತ್ತಾಯ್ತು!” ಎಂದರು ಚನ್ನಮಲ್ಲಪ್ಪನವರು.

ಕಿಟ್ಟಿ ಪರದೆ ನೋಡಿಕೊಂಡು ಓದಿದ. “ವ್ಯಾಪಾರ, ಕಸ. ಸ್ಥಳ, ಕಕ್ಕಸು. ಬಂಡವಾಳ, ಪೊರಕೆ ಒಂದು.” ಹಾಲವ್ವನ ಕಡೆ ನೋಡದೆ ಮುಂದುವರಿಸಿದ. “ಪಾಲುದಾರ, ಮರೆಪ್ಪ. ಮೇಲೆ ಬ್ರಾಂಚ್ ತೆರೆಯೋಕೆ ಹೋಗಿದ್ದಾನೆ.”

ಹಾಲವ್ವನಿಗೆ ಈಗ ಅರ್ಥವಾಯಿತು. ಮನೆಯಿಲ್ಲ, ಹಕ್ಕುಪತ್ರವಿಲ್ಲ. ಸಾಲಿನ ಜನಕ್ಕೆ ಏನು ಹೇಳುವುದು ಎಂಬ ನಾಚಿಕೆ ಒಂದು ಕಡೆ. ಅದಕ್ಕಿಂತ, ಸತ್ತವನನ್ನೂ ಬಿಡಲಿಲ್ಲವಲ್ಲ ಎಂಬ ಸಿಟ್ಟು.

“ಮ್ಯಾಲ ಹೋಗಿಲ್ಲರೀ ಅಂವ” ಎಂದಳು. “ಕೆಳಗ ಹೋಗ್ಯಾನ. ನಿಮ್ಮಂಥಾರ ಹೇಲು ಬಳಿಯಾಕ ಮ್ಯಾನ್‌ಹೋಲಿನ್ಯಾಗ ಇಳದಾಂವ ಎದ್ದು ಬರಲಿಲ್ಲ.”

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ನಂಬರ್ ಇಟ್ಕೊಂಡ್ರೆ ಟ್ಯಾಕ್ಸ್ ಕಟ್ಬೇಕಾಗತ್ತೆ. ಕಟ್ದಿದ್ರೆ ಜೈಲು.”

“ಕಸಕ್ಕ ಎಷ್ಟೈತ್ರಿ ಟ್ಯಾಕ್ಸು? ಹೇಳ್ರಿ, ಕಟ್ತೀನಿ.”

ಅದು ಅವರಿಗೂ ಗೊತ್ತಿರಲಿಲ್ಲ.

ಗಿರಿರಾಜ ಬಗ್ಗಿ, ಪೇಪರಿನವರಿಗೆ ಕೇಳದಂತೆ ಅವಳ ಕಿವಿಯ ಬಳಿ ಕಚ್ಚುವಂತೆ ಅಂದ: “ಒತ್ತೇ ಲೌಡಿ. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

“ಒತ್ತಾಂಗಿಲ್ಲಲೇ ಭಾಡ್ಯಾ” ಎಂದಳು ಹಾಲವ್ವ, ಎಲ್ಲರಿಗೂ ಕೇಳುವಂತೆ. “ನನ್ನ ಕಂಪನಿ ನಾ ಮುಚ್ಚಾಂಗಿಲ್ಲ.” ಎದ್ದವಳೇ ಪೊರಕೆ ಹೆಗಲ ಮೇಲಿಟ್ಟುಕೊಂಡು ಬಾಗಿಲ ಕಡೆ ನಡೆದಳು.

“ಪೊರಕೆ ಇಟ್ಟೋಗೇ! ಅದು ಆಫೀಸ್ದು!” ಎಂದು ಗಿರಿರಾಜ ಕೂಗಿದ.

“ಅದ್ಹೆಂಗ್ರಿ ಸಾಹುಕಾರ್ರೆ? ನನ್ನ ಬಂಡವಾಳ ಅಂತ ಸರ್ಕಾರದಾಗ ಬರದೀರಲ್ಲ!”

ಬಾತ್‌ರೂಮಿನ ಕಿಟಕಿಯ ಲೋಟದ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.

ಆಫೀಸಿನ ತುಂಬ ತುಳಿದ ಹೂವು, ಊದುಬತ್ತಿಯ ಬೂದಿ, ಚೆಲ್ಲಿದ ಕಾಫಿ. ಬಾಗಿಲಲ್ಲಿ ಕುಂಕುಮ ಮೆತ್ತಿದ ಕುಂಬಳದ ಚೂರಿನ ಮೇಲೆ ನೊಣ ಕೂರತೊಡಗಿದ್ದವು. ಹೊರಡಲು ಎದ್ದ ಸಾಹೇಬರು ಪ್ಯಾಂಟು ಎತ್ತಿ ಹಿಡಿದುಕೊಂಡು ಅಲ್ಲೇ ನಿಂತರು.

“ಇದನ್ನೆಲ್ಲ ಯಾರ್ರೀ ಗುಡ್ಸೋದು?”

ಗಿರಿರಾಜ ಕಿಟ್ಟಿಯನ್ನು ನೋಡಿದ. ಕಿಟ್ಟಿ ನೆಲ ನೋಡಿದ. ಗೋಡೆಯ ಮೇಲಿಂದ ಹಾಲವ್ವ ಎಲ್ಲರನ್ನೂ ನೋಡುತ್ತಿದ್ದಳು.