ಪಾದ ತೊಳೆಯುವ ಭಾನುವಾರ

ಹೋಬರ್ಟನ ಹಳೇ ಟ್ರಕ್ಕಿನ ನೋಂದಣಿ ಕಾಗದಕ್ಕೆ ಡೆಲ್ಫಿಯಾ ಒಂದು ಮೊಹರು ಒತ್ತಿದ್ದಳು, ಇನ್ನೊಂದು ಬಾಕಿಯಿತ್ತು. ಅಷ್ಟರಲ್ಲಿ ಕಚೇರಿಯ ಹೊರಗಿನ ಕಾರಿಡಾರಿನಿಂದ ಸಣ್ಣ ಗಾಲಿಗಳ ಕಿರುಗುಟ್ಟುವ ಸದ್ದು ಬಂತು. ಎತ್ತಿದ ಕೈ ಅಲ್ಲೇ ನಿಂತಿತು.

"ಏನಮ್ಮಾ, ನನ್ನ ಟ್ರಕ್ಕಿಗೆ ಇನ್ನೊಂದು ವರ್ಷ ಆಯಸ್ಸು ಕೊಡ್ತೀಯೋ, ಇಲ್ಲೇ ಮಣ್ಣು ಮಾಡ್ತೀಯೋ?" ಅಂದ ಹೋಬರ್ಟ್.

"ಅದು ಸತ್ತು ಯಾವ ಕಾಲವಾಯ್ತೋ ಮಾರಾಯ. ಊರಿಗೆಲ್ಲ ವಾಸನೆ ಹೊಡೀತಿದೆ, ನಿನ್ನ ಮೂಗಿಗೆ ಮಾತ್ರ ಇಲ್ಲ."

ಅವನು ನಗುತ್ತಾ ಹೋದ. ಡೆಲ್ಫಿಯಾ ಬಾಗಿಲನ್ನೇ ನೋಡುತ್ತಿದ್ದಳು. ಯಾರೂ ಒಳಗೆ ಬರಲಿಲ್ಲ. ಬರುವುದಾದರೂ ಹೇಗೆ? ಫರ್ನ್‌ಳನ್ನು ಆಗಸ್ಟಿನಲ್ಲೇ ಗುಡ್ಡದ ಮೇಲೆ ಹೂಳಿದ್ದರು.

ಜುಲೈನಲ್ಲಿ ಬಂದಿದ್ದಳು ಫರ್ನ್, ಆಕ್ಸಿಜನ್ ಸಿಲಿಂಡರಿನ ಪುಟ್ಟ ಗಾಡಿಯನ್ನು ಎಳೆದುಕೊಂಡು, ಪಕ್ಕದಲ್ಲಿ ನೋಲಾ. ಹರೆಯದಿಂದ ಮಂಡಿ ನೋವಿನ ವಯಸ್ಸಿನವರೆಗೂ ಒಂದೇ ಮನೆಯಲ್ಲಿ ಬಾಳಿದ ಹೆಂಗಸರು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದೆಂದು ದೇಶದ ದೊಡ್ಡ ಕೋರ್ಟು ಆಗಷ್ಟೇ ಹೇಳಿತ್ತು. ಕೌಂಟಿಯ ಜನ ಆರಿಸಿ ಕೂರಿಸಿದ ಕ್ಲರ್ಕ್, ಈ ಕಚೇರಿಯ ಮುಖ್ಯಸ್ಥೆ ಅರ್ಲೀನ್ ಮಾತ್ರ, ದೇವರ ವಾಕ್ಯಕ್ಕೆ ವಿರುದ್ಧವಾದ ಮದುವೆ ಲೈಸೆನ್ಸು ಇಲ್ಲಿಂದ ಹೊರಡುವುದಿಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು. ಆ ಮಾತನ್ನು ಕೌಂಟರಿನಲ್ಲಿ ಕೂತು ಆಡಬೇಕಾದವಳು ಅವಳ ಕೈಕೆಳಗಿನ ಡೆಲ್ಫಿಯಾ.

"ಇಲ್ಲಿ ಆಗಲ್ಲ. ಪಕ್ಕದ ಕೌಂಟಿಗೆ ಹೋಗಿ."

"ತೆರಿಗೆಗೆ ಈ ಕೌಂಟಿ, ಮದುವೆಗೆ ಪಕ್ಕದ್ದಾ?" ಅಂದಿದ್ದಳು ನೋಲಾ. "ನಿನ್ನ ಮಕ್ಕಳನ್ನ ಶಾಲೆಗೆ ಬಿಟ್ಟಿದ್ದು ನಾನು ಓಡಿಸ್ತಿದ್ದ ಬಸ್ಸು ಕಣೇ. ಪಕ್ಕದ ಕೌಂಟಿ ಬಸ್ಸು ಹತ್ತಿಸು ಅಂದಿದ್ನಾ ನಾನು?"

"ಬಿಡು ನೋಲಾ," ಅಂದಿದ್ದಳು ಫರ್ನ್, ಉಸಿರು ಹಿಡಿದು ಹಿಡಿದು. "ಪಾಪ, ಅವಳಿಗೆ ನಮ್ಮ ಮುಖ ನೋಡೋಕೂ ಆಗ್ತಿಲ್ಲ."

ಅದೇ ಫರ್ನ್ ನರ್ಸಾಗಿದ್ದಾಗ ಡೆಲ್ಫಿಯಾಳ ತಾಯಿಯ ಕೊನೆಯ ಚಳಿಗಾಲದಲ್ಲಿ ದಿನವೂ ಬರುತ್ತಿದ್ದಳು. ಎಂದೂ ಕತ್ತರಿ ಕಾಣದ ಆ ಮುದುಕಿಯ ಉದ್ದ ಕೂದಲನ್ನು ನೋವಾಗದಂತೆ ಬಾಚಿ ಜಡೆ ಹಾಕುತ್ತಿದ್ದಳು.

ಲೈಸೆನ್ಸು ಸಿಗದೆಯೇ ಸತ್ತು ಈಗ ಬರುವ ಫರ್ನ್ ಏನನ್ನೂ ಕೇಳುತ್ತಿರಲಿಲ್ಲ. ಗಾಲಿಯ ಸದ್ದು ಕೌಂಟರಿನವರೆಗೆ ಬಂದು ನಿಲ್ಲುತ್ತಿತ್ತು, ಅಷ್ಟೆ. ಒಮ್ಮೊಮ್ಮೆ ಎದುರಿನ ಗಾಜಿನ ಮೇಲೆ, ಮುಖದ ಎತ್ತರಕ್ಕೆ, ಯಾರೋ ಉಸಿರು ಬಿಟ್ಟ ಹಾಗೆ ಮಬ್ಬು ಕಟ್ಟುತ್ತಿತ್ತು. ಡೆಲ್ಫಿಯಾ ಬಟ್ಟೆಯಿಂದ ಒರೆಸುತ್ತಿದ್ದಳು. ಸೇಡಿಗೆ ಬಂದ ದೆವ್ವವಾದರೆ ಪ್ರಾರ್ಥನೆ ಮಾಡಿ ಓಡಿಸಬಹುದು. ಸರದಿಗೆ ನಿಂತು ಸುಮ್ಮನೆ ಕಾಯುವವಳನ್ನು ಏನು ಮಾಡುವುದು?

ಕಚೇರಿ ಮುಚ್ಚುವ ಹೊತ್ತಿಗೆ ಅರ್ಲೀನ್ ಬಂದು ಕೌಂಟರಿಗೆ ಒರಗಿದಳು. "ಸೋಮವಾರ ಇಬ್ಬರು ಗಂಡಸರು ಬರ್ತಾರಂತೆ ಮದುವೆ ಲೈಸೆನ್ಸಿಗೆ. ನಾನು ಒಲ್ಲೆ ಅಂದ್ರೂ ನಿಮ್ಮಲ್ಲಿ ಯಾರಾದ್ರೂ ಸಹಿ ಹಾಕಬೇಕು ಅಂತ ಜಡ್ಜ್ ಆರ್ಡರು. ಉಳಿದವರೆಲ್ಲ ಆಗಲ್ಲ ಅಂದ್ರು. ನೀನು?"

"ನನ್ನ ನಂಬಿಕೆ ಏನೂಂತ ನಿಮಗೆ ಗೊತ್ತಲ್ಲ, ಅರ್ಲೀನಕ್ಕ."

"ನಂಬಿಕೆ ಗೊತ್ತು. ನಾನು ಕೇಳ್ತಿರೋದು ಕೈ ವಿಷಯ."

ಡೆಲ್ಫಿಯಾ ಮೊಹರುಗಳನ್ನು ಡ್ರಾಯರಿಗೆ ಹಾಕಿದಳು. "ಆರ್ಡರು ಮೀರಿದ್ದಕ್ಕೆ ನಿಮ್ಮನ್ನ ಜೈಲಿಗೆ ಹಾಕಿದ್ರೆ?"

"ಹಾಕ್ಲಿ. ಅಲ್ಲಿನ ಊಟ ನಮ್ಮ ಪಾದ್ರಿ ಹೆಂಡತಿ ಅಡುಗೆಗಿಂತ ಕೆಟ್ಟದಾಗಿರುತ್ತಾ?" ನಕ್ಕ ಅರ್ಲೀನಳ ಕಣ್ಣು ತುಂಬಿತು. "ಸಹಿ ಹಾಕಿದವಳನ್ನ ನಮ್ಮ ಚರ್ಚಿನ ಸಭೆ ಹೊರಗೆ ಹಾಕುತ್ತೆ ಕಣೇ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಆ ಭಾನುವಾರ ವರ್ಷಕ್ಕೊಮ್ಮೆ ಪಾದ ತೊಳೆಯುವ ದಿನ. ಸಭೆಯ ಹೆಂಗಸರು ಒಬ್ಬರ ಪಾದವನ್ನು ಒಬ್ಬರು ತೊಳೆಯುತ್ತಾರೆ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಸೊಂಟಕ್ಕೆ ಪಾದ ಒರೆಸುವ ಟವೆಲು ಕಟ್ಟುವಂತಿಲ್ಲ. ನೋಯಿಸಿದವರ ಮನೆಗೆ ಮೊದಲೇ ಹೋಗಿ ಸರಿಮಾಡಿಕೊಂಡು ಬರಬೇಕು. ಶನಿವಾರ ಡೆಲ್ಫಿಯಾ, ಎಂದೋ ಆಡಿಕೊಂಡಿದ್ದ ಮಾತಿಗೆ, ಸಭೆಯ ಒಬ್ಬಳ ಮನೆಗೆ ಸೇಬಿನ ಕಡುಬು ಒಯ್ದು ಕ್ಷಮೆ ಕೇಳಿ ಬಂದಳು. ದಾರಿಯಲ್ಲೇ ನೋಲಾಳ ಮನೆ. ಜಗಲಿಯಲ್ಲಿ ಎರಡು ಕುರ್ಚಿ, ಒಂದರಲ್ಲಿ ನೋಲಾ. ಡೆಲ್ಫಿಯಾ ಕಾರು ನಿಧಾನ ಮಾಡಿದಳು, ನಿಲ್ಲಿಸಲಿಲ್ಲ. ನೋಲಾ ಸಭೆಯವಳಲ್ಲವಲ್ಲ, ಹೊರಗಿನವರಿಗೆ ಈ ನೇಮ ಇಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಹಿರಿಯರೊಬ್ಬರು ಸಾಲು ಸಾಲಾಗಿ ಹೇಳಿಕೊಟ್ಟ ಹಾಡನ್ನು ಸಭೆ ಎಳೆದೆಳೆದು ಹಾಡುತ್ತಿತ್ತು. ಆ ರಾಗದಡಿಯಲ್ಲೇ ಗಾಲಿಗಳು ಬಂದವು. ಡೆಲ್ಫಿಯಾಳ ಬೆಂಚಿನ ಖಾಲಿ ತುದಿಯಲ್ಲಿ ನಿಂತವು. ಅಲ್ಲಿಯವರೆಗೆ ಫರ್ನ್ ಕಚೇರಿಗಷ್ಟೇ ಬರುತ್ತಿದ್ದಳು. ಹೊರಗಿನವರು ಯಾರು, ಒಳಗಿನವರು ಯಾರು ಅನ್ನುವುದು ಅವಳಿಗೆ ಯಾರೂ ಹೇಳಿದಂತಿರಲಿಲ್ಲ.

ಬೋಗುಣಿ ಹಿಡಿದು ಬಂದು ಮಂಡಿಯೂರಿದವಳು ಅರ್ಲೀನ್. ಮಗುವಿಗೆ ತೊಳೆಯುವ ಹಾಗೆ ಡೆಲ್ಫಿಯಾಳ ಪಾದಗಳನ್ನು ಅಂಗೈಯಲ್ಲಿ ಹಿಡಿದು ತೊಳೆದಳು, ಸೆರಗಿನಂತೆ ಇಳಿಬಿದ್ದ ಟವೆಲಿನಿಂದ ಒರೆಸಿದಳು. ಡೆಲ್ಫಿಯಾ ವಿಧವೆಯಾದಾಗ ವಾರಗಟ್ಟಲೆ ಅವಳ ಅಡುಗೆಮನೆಯಲ್ಲಿ ಪಾತ್ರೆ ತೊಳೆದದ್ದೂ ಇವೇ ಕೈಗಳು.

"ನನ್ನೊಬ್ಬಳನ್ನೇ ಬಿಡಬೇಡ ಕಣೇ," ಪಿಸುಗುಟ್ಟಿದಳು ಅರ್ಲೀನ್.

ಡೆಲ್ಫಿಯಾ ಅಳತೊಡಗಿದಳು. ಅರ್ಲೀನ್ ಅದನ್ನು ಒಪ್ಪಿಗೆ ಅಂದುಕೊಂಡು ಅಪ್ಪಿಕೊಂಡಳು, ಟವೆಲು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದಳು.

ಈಗ ಡೆಲ್ಫಿಯಾಳ ಸರದಿ. ಮಂಡಿಯೂರಿ ಅರ್ಲೀನಳ ಊದಿದ ಪಾದವನ್ನು ನೀರಿಗಿಳಿಸಿದಳು. ಮದುವೆಯೆಂದರೆ ಗಂಡು ಹೆಣ್ಣಿನದು ಅನ್ನುವ ಅವಳ ನಂಬಿಕೆ ಈಗಲೂ ಕದಲಿರಲಿಲ್ಲ. ಸೋಮವಾರ ಮಾಡುವುದು ಪಾಪವೇ ಆದರೆ ಅದಕ್ಕೆ ದೇವರೆದುರು ತಾನೇ ನಿಲ್ಲುತ್ತಾಳೆ, ಕೌಂಟರಿಗೆ ಬಂದವರನ್ನು ನಿಲ್ಲಿಸುವುದಿಲ್ಲ. ಆ ಲೈಸೆನ್ಸಿಗೆ ಸಹಿ ತನ್ನದೇ.

ಯಾರಿಗೂ ಹೇಳಲಿಲ್ಲ. ಹಾಡು ಮುಗಿಯುತ್ತ ಬಂದಿತ್ತು. ಅವಳಿಗೆ ಅವಸರವಿರಲಿಲ್ಲ; ಇನ್ನು ಮುಂದೆ ಈ ಪಾದಗಳು ತನ್ನ ಕೈಗೆ ಸಿಗುವುದಿಲ್ಲವೆಂದು ಗೊತ್ತಿದ್ದುದರಿಂದ, ಬೆರಳು ಬೆರಳಿನ ಸಂದನ್ನೂ ನಿಧಾನವಾಗಿ ತೊಳೆದಳು.