ಏಳನೇ ಕಂಬದ ಕೇಬಲ್ಲು

ಅತ್ತಿಗೆ ವಿದ್ಯುತ್ ಬಸ್ಸಿನ ಚಾಲಕಿ. ನಾದಿನಿ ಅದೇ ಡಿಪೋದ ಬಸ್ಸುಗಳು ಯಾವಾಗ, ಯಾವ ಕಂಬದಲ್ಲಿ ಚಾರ್ಜ್ ಆಗಬೇಕೆಂದು ಸಂಶೋಧನೆ ಮಾಡುತ್ತಿದ್ದವಳು. ಇಬ್ಬರದೂ ಒಂದೇ ಮನೆ, ಒಂದೇ ಊಟದ ಮೇಜು.

ಇಪ್ಪತ್ತನಾಲ್ಕು ಬಸ್ಸು, ಎಂಟು ಚಾರ್ಜಿಂಗ್ ಕಂಬ. ಬೆಳಗಿನ ಸಂದಣಿ ಕರಗಿ ಸಂಜೆಯದು ಶುರುವಾಗುವುದರೊಳಗೆ ಸಿಗುವುದು ಐದು ಗಂಟೆ. ಬಸ್ಸಿಗೆ ತೊಂಬತ್ತು ನಿಮಿಷವೆಂದರೆ ಕಂಬಕ್ಕೆ ಮೂರು ಬಸ್ಸು, ನಡುವೆ ಉಸಿರಾಡುವಷ್ಟು ಬಿಡುವು. ಎರಡು ವರ್ಷ ಕೂತು ಮಾಡಿದ ಆ ವೇಳಾಪಟ್ಟಿ ಕಂಪ್ಯೂಟರಿನಲ್ಲಿ ಸಾವಿರ ಸಲ ಓಡಿತ್ತು, ಒಮ್ಮೆಯೂ ಎಡವಿರಲಿಲ್ಲ.

ಡಿಪೋದಲ್ಲಿ ಮೊದಲ ವಾರವೇ ಎಡವಿತು. ದಿನಾ ಎರಡು ಬಸ್ಸು ನಾಲ್ಕು ಗಂಟೆಯ ಟ್ರಿಪ್ಪಿಗೆ ತಡ.

"ನಿನ್ನ ಪಟ್ಟಿಯೇನೋ ಚೆನ್ನಾಗಿದೆ ಕಣೇ," ಅತ್ತಿಗೆ ತಟ್ಟೆ ತೊಳೆಯುತ್ತ ಅಂದಳು. "ಆದ್ರೆ ಏಳು, ಎಂಟನೇ ಕಂಬದ ಕೇಬಲ್ಲು ನನ್ನ ಬಸ್ಸಿಗೆ ಎಟುಕಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಬಸ್ಸು ಎಲ್ಲಿಗೆ ಚಾಚ್ಲಿ?"

"ಕಂಪನಿಯವರು ಐದು ಮೀಟರ್ ಉದ್ದ ಅಂತ ಬರೆದಿದಾರಲ್ಲ ಅತ್ತಿಗೆ!"

"ಹಾಗಾದ್ರೆ ಬರೆದವರೇ ಬಂದು ಸಿಕ್ಕಿಸ್ಲಿ."

ನಾದಿನಿಯ ಮುಖ ಸಪ್ಪಗಾಯಿತು. ಮರುದಿನ ಟೇಪು ಹಿಡಿದು ಡಿಪೋಗೆ ಹೋದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು 'ಟೈಂಟೇಬಲ್ ಮೇಡಂ'. ಬಸ್ಸು ತೊಳೆಯುವ ಹೆಂಗಸು ಪೈಪು ಕೆಳಗಿಟ್ಟು ತಾನೇ ಕರೆದೊಯ್ದು ತೋರಿಸಿದಳು. ಹದಿನೆಂಟು ಹಳೇ ಬಸ್ಸಿಗೆ ಪ್ಲಗ್ಗಿನ ಜಾಗ ಹಿಂದೆ, ಬಲಕ್ಕೆ. ಹೊಸ ಆರಕ್ಕೆ ಮುಂದೆ, ಎಡಕ್ಕೆ. ಆ ಎರಡು ಕಂಬಗಳ ಎದುರು ದಪ್ಪ ಪಿಲ್ಲರ್. ಅದನ್ನು ಸುತ್ತಿ ಬರುವಷ್ಟರಲ್ಲಿ ಕೇಬಲ್ಲು ಹಳೇ ಬಸ್ಸಿಗೆ ಒಂದು ಮೊಳ ಸಾಲದು. ಅಂಗಳ ಖಾಲಿ ಮಾಡಿಸಿ ಬಸ್ಸನ್ನು ಹಿಮ್ಮುಖವಾಗಿ ತಿರುಗಿಸಬೇಕು, ಇಪ್ಪತ್ತು ನಿಮಿಷ ನೀರಿನಂತೆ ಹೋಗುತ್ತದೆ.

"ಇದನ್ನ ಯಾರೂ ಯಾಕೆ ಹೇಳ್ಲಿಲ್ಲ?"

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಇಲ್ಲಿ ನಿಂತ್ರೆ ಕಾಣುತ್ತೆ. ನೀವು ಇವತ್ತೇ ನಿಂತಿದ್ದು."

ಹೆಂಗಸು ಕೊಂಕಿನಿಂದ ಹೇಳಿರಲಿಲ್ಲ. ಅದಕ್ಕೇ ಮಾತು ಇನ್ನೂ ಆಳಕ್ಕೆ ಇಳಿಯಿತು. ನಾದಿನಿ ಅಲ್ಲೇ ಬಕೆಟ್ಟು ಬೋರಲು ಹಾಕಿ ಕೂತು ಪಟ್ಟಿ ತಿದ್ದಿದಳು. ಏಳು, ಎಂಟನೇ ಕಂಬ ಹೊಸ ಬಸ್ಸುಗಳಿಗೆ ಮಾತ್ರ. ಎರಡು ಕಂಬ, ಆರು ಬಸ್ಸು. ಅಳೆದು ಹೊಲಿಸಿದಂತೆ ಕೂತಿತು.

ಪ್ರಬಂಧದಲ್ಲಿ ಆ ಮೊದಲ ವಾರವನ್ನೂ ಬರೆದಳು. ಮಾರ್ಗದರ್ಶಕರು ಕನ್ನಡಕ ತೆಗೆದು ಕೇಳಿದರು: "ಮುಗ್ಗರಿಸಿದ್ದನ್ನೂ ಹಾಕ್ಲೇಬೇಕಾ?"

"ಹೌದು ಸರ್. ಡಿಪೋ ನೋಡ್ದೇನೇ ಎರಡು ವರ್ಷ ಲೆಕ್ಕ ಹಾಕಿದ್ದೆ. ಅದೂ ಗೊತ್ತಾಗ್ಬೇಕು."

ತಿದ್ದಿದ ಪಟ್ಟಿ ಜಾರಿಗೆ ಬಂದ ಸೋಮವಾರ ನಾಲ್ಕಕ್ಕೆ ಇಪ್ಪತ್ತನಾಲ್ಕೂ ಬಸ್ಸು ಹೊರಟವು. ಅತ್ತಿಗೆ ಗೇಟಿನಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋದಳು. ಬಸ್ಸು ತೊಳೆಯುವ ಹೆಂಗಸು ಗೋಡೆಗೆ ಅಂಟಿಸಿದ ಹೊಸ ಪಟ್ಟಿಯನ್ನು ಬೆರಳಿಟ್ಟು ಓದಿ, ನಾದಿನಿಯತ್ತ ತಿರುಗಿ ಕೇಳಿದಳು:

"ಮಳೆ ಬಂದ್ರೆ ಮೂರನೇ ಕಂಬದ ಹತ್ರ ನೀರು ನಿಲ್ಲುತ್ತೆ. ಅದು ಇದರಲ್ಲಿದೆಯಾ?"

"ಇಲ್ಲ," ಎಂದು ನಾದಿನಿ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. "ಎಷ್ಟು ನಿಲ್ಲುತ್ತೆ, ಹೇಳಿ."