ಕ್ಲೀನ್ ಮಾಡ್ಕೊಂಡು ಬಾ

"ಏಯ್, ಅಲ್ಲೇ ನಿಲ್ಲು! ಮ್ಯಾಟ್ ತುಳೀಬೇಡ!"

ನಮ್ಮತ್ತೆಯ ಒಂದು ಕಾಲು ಬಾಗಿಲ ಒಳಗಿತ್ತು, ಇನ್ನೊಂದು ಹೊರಗಿತ್ತು. ಫೋನ್ ಅಂಗಡಿಯ ಗಾಜಿನ ಬಾಗಿಲು ತಾನೇ ಮುಚ್ಚಿಕೊಳ್ಳುವ ಜಾತಿಯದು. ಬಂದು ಅವರ ಬೆನ್ನಿಗೆ ಬಡಿಯಿತು. ಕೌಂಟರಿನ ಹಿಂದೆ ನಿಂತಿದ್ದವನು ಮೂಗಿನ ಮುಂದೆ ಕೈ ಬೀಸಿಕೊಳ್ಳುತ್ತಿದ್ದ.

ನಾವು ಕೆಲಸ ಮುಗಿಸಿ ನೇರ ಬಂದಿದ್ದೆವು. ಅವತ್ತು ಮಾರುಕಟ್ಟೆಯ ಹಿಂದಿನ ಗಟಾರ ಕಟ್ಟಿಕೊಂಡಿತ್ತು. ತೊಡೆಯವರೆಗೆ ಇಳಿದು, ಕಪ್ಪು ಹೂಳು ಬಗೆದು, ಬುಟ್ಟಿಯಲ್ಲಿ ಹೊತ್ತು ಹಾಕಿದ್ದೆವು. ಬರುವ ಮುಂಚೆ ನಲ್ಲಿಯಲ್ಲಿ ಕೈಕಾಲು ತೊಳೆದಿದ್ದೆವು, ಸುಳ್ಳು ಹೇಳುವುದಿಲ್ಲ. ಆದರೆ ಗಟಾರದ ವಾಸನೆ ಬೈದ ಕೂಡಲೇ ತವರಿಗೆ ಹೊರಡುವ ಸೊಸೆಯಲ್ಲ. ಎಷ್ಟು ತೊಳೆದರೂ ಒಂದಿಷ್ಟು ಮೈಮೇಲೇ ಉಳಿಯುತ್ತದೆ.

"ಫೋನ್ ಕೆಟ್ಟಿದೆ ಅಣ್ಣ," ಎಂದರು ಅತ್ತೆ. "ಫೋಟೋ ತೆಗೆಯೋಕೆ ಹೋದ್ರೆ ಸತ್ತೇ ಹೋಗುತ್ತೆ. ತಗೊಂಡು ಇನ್ನೂ ವರ್ಷ ಆಗಿಲ್ಲ. ವಾರಂಟಿ ಇದೆಯಂತೆ, ಚೀಟಿ ತಂದಿದೀನಿ."

ಅವನು ನನ್ನ ಮಗನಿಗಿಂತ ನಾಲ್ಕು ವರ್ಷ ದೊಡ್ಡವನಿದ್ದರೆ ಹೆಚ್ಚು. ಆದರೂ ಕೌಂಟರಿನ ಆಚೆ ನಿಂತವರೆಲ್ಲ ನಮಗೆ ಅಣ್ಣಂದಿರೇ. ಅತ್ತೆ ಕೈ ಚಾಚಿ ಫೋನ್ ಹಿಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಕೌಂಟರ್ ಮೇಲೆ ಇಡ್ಬೇಡ, ಬೇಡ! ಏನಮ್ಮ ಇದು, ಗಬ್ಬು ನಾರ್ತಿದೆ! ಇದನ್ನ ನಾನು ಮುಟ್ಬೇಕಾ?"

"ಫೋನಣ್ಣ, ಹಾವಲ್ಲ."

ಕುರ್ಚಿಗಳ ಮೇಲೆ ಕಾಯುತ್ತಿದ್ದವರು ನಕ್ಕರು. ಅತ್ತೆಯ ಮಾತಿಗಲ್ಲ ನಕ್ಕಿದ್ದು. ಒಬ್ಬಾಕೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ನಗುತ್ತಿದ್ದಳು.

"ಹೋಗು, ಮೊದಲು ಇದನ್ನ ಕ್ಲೀನ್ ಮಾಡ್ಕೊಂಡು ಬಾ," ಎಂದ ಅವನು. "ನೀನೂ ಕ್ಲೀನಾಗಿ ಬಾ. ಆಮೇಲೆ ನೋಡೋಣ."

"ಕ್ಲೀನ್ ಮಾಡ್ಕೊಂಡು ಬಂದ್ರೆ ಹೊಸದು ಕೊಡ್ತೀರಾ?"

"ವಾರಂಟಿ ಇದ್ರೆ ಕೊಡ್ತಾರೆ ಕಣಮ್ಮ. ನಡಿ ನಡಿ, ಮೊದಲು ಕ್ಲೀನ್ ಮಾಡ್ಕೊಂಡು ಬಾ."

ನಾವು ಹೊರಗೆ ಬರುತ್ತಿದ್ದಂತೆ ಸಮವಸ್ತ್ರ ಹಾಕಿದ ಒಬ್ಬ ಹೆಂಗಸು ಬಕೆಟ್ಟು, ಕೋಲಿನ ತುದಿಯ ಒರೆಸುವ ಬಟ್ಟೆ ತಂದು, ಅತ್ತೆಯ ಕಾಲು ಬಿದ್ದ ಜಾಗವನ್ನು ತಿಕ್ಕಿ ಒರೆಸಿದಳು. ನಮ್ಮ ಮುಖ ನೋಡಲಿಲ್ಲ. ಅವಳ ಹಿಮ್ಮಡಿಯೂ ನಮ್ಮದರಂತೆಯೇ ಒಡೆದಿತ್ತು.

ಮಾತಾಡುವುದಕ್ಕೆ ಅತ್ತೆಗೆ ಫೋನ್ ಬೇಕಿರಲಿಲ್ಲ. ಅವರು ಬಾಯಿ ಬಿಟ್ಟರೆ ಮೂರು ಬೀದಿ ಆಚೆಯವರಿಗೂ ಕೇಳುತ್ತದೆ. ಫೋನ್ ಬೇಕಿದ್ದದ್ದು ಮುಖ ತೋರಿಸುವುದಕ್ಕೆ.

ಮೊದಲೆಲ್ಲ ಮೇಸ್ತ್ರಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗುತ್ತಿದ್ದ, ನಾವು 'ಇದೀನಿ' ಅನ್ನುತ್ತಿದ್ದೆವು. ಈಗ ನಾವು ಇದ್ದೇವೆ ಅನ್ನುವುದನ್ನು ಫೋನ್ ಹೇಳಬೇಕು. ಗುತ್ತಿಗೆದಾರನೇ ಎಲ್ಲರಿಗೂ ಒಂದೊಂದು ಹಂಚಿ ಕೂಲಿಯಲ್ಲಿ ಮುರಿದುಕೊಂಡಿದ್ದ. ಬೆಳಗ್ಗೆ ಪಂಪ್‌ಹೌಸಿನ ಗೋಡೆಯ ಪಕ್ಕ ನಿಂತು ಅದನ್ನು ಮುಖದ ಮುಂದೆ ಹಿಡಿಯಬೇಕು. ಒಳಗಿನಿಂದ ಒಂದು ಹೆಣ್ಣು ದನಿ, 'ಮುಖವನ್ನು ಚೌಕದ ಒಳಗೆ ತನ್ನಿ. ಒಮ್ಮೆ ಕಣ್ಣು ಮಿಟುಕಿಸಿ' ಅನ್ನುತ್ತದೆ. ಮಿಟುಕಿಸಿದರೆ ಹಸಿರು ಬೆಳಕು ಬರುತ್ತದೆ; ಮುಖ ಬಿತ್ತು ಅಂತ ಲೆಕ್ಕ, ಹಾಜರಿ ಸಿಗುತ್ತದೆ. ನಿಂತಿರುವುದು ಜೀವ ಇರುವ ಮನುಷ್ಯಳೋ ಬರೀ ಫೋಟೋವೋ ಅಂತ ನೋಡುವುದಕ್ಕಂತೆ ಆ ಮಿಟುಕು. ಒಬ್ಬರ ಫೋನಿಗೆ ಇನ್ನೊಬ್ಬರ ಮುಖ ಆಗುವುದಿಲ್ಲ. ನಮ್ಮ ಗ್ಯಾಂಗಿನ ಕುಳ್ಳಿ ಮೊದಲ ದಿನವೇ, "ನನ್ನ ಗಂಡನೂ ಇಷ್ಟು ಹತ್ರದಿಂದ ನನ್ನ ಮುಖ ನೋಡಿಲ್ಲ ಕಣ್ರೇ," ಎಂದು ನಗಿಸಿದ್ದಳು.

ಅತ್ತೆಯ ಫೋನಿನಲ್ಲಿ ಆ ಹೆಣ್ಣು ದನಿ ಬರುತ್ತಿತ್ತು, ಚೌಕ ಬರುತ್ತಿತ್ತು. ಕಣ್ಣು ಮಿಟುಕಿಸುವ ಹೊತ್ತಿಗೆ ಸರಿಯಾಗಿ ಕಪ್ಪಾಗಿಬಿಡುತ್ತಿತ್ತು. ಮರುದಿನ ಬೆಳಗ್ಗೆಯೂ ಅದೇ ಆಯಿತು. ಆಮೇಲೆ ಎಷ್ಟು ಒತ್ತಿದರೂ ಏಳಲಿಲ್ಲ.

"ಹಾಜರಿ ಇಲ್ಲ," ಎಂದ ಮೇಸ್ತ್ರಿ.

"ನಿನ್ನೆದುರಿಗೆ ಕಂಬದ ಹಾಗೆ ನಿಂತಿದೀನಲ್ಲೋ, ಕಾಣಲ್ವಾ?"

"ನಂಗೆ ಕಾಣುತ್ತೆ ಕಣಮ್ಮ. ಅದಕ್ಕೆ ಕಾಣಲ್ವಲ್ಲ."

"ಹಂಗಾದ್ರೆ ಮನೆಗೆ ಹೋಗ್ತೀನಿ."

"ಹೋಗು, ಯಾವನು ಕಟ್ಟಾಕಿದಾನೆ?" ಅವನು ಬೀಡಿ ಹಚ್ಚಿಕೊಂಡ. "ತಿಂಗಳ ಕೊನೆಗೆ ಕಾಯಂ ಮಾಡೋರ ಹೆಸರು ಮೇಲಕ್ಕೆ ಹೋಗುತ್ತೆ. ಮುಖ ಬೀಳದವರ ಹೆಸರು ಹೋಗಲ್ಲ. ಇತ್ತ ಕೆಲಸಕ್ಕೂ ಬರದೇ ಇದ್ರೆ ನಾಳೆಯಿಂದ ಈ ಕೂಲಿನೂ ಇಲ್ಲ. ಇಳೀತೀಯೋ, ಹೋಗ್ತೀಯೋ?"

ಅತ್ತೆ ಗಟಾರಕ್ಕೆ ಇಳಿಯಲು ಶುರು ಮಾಡಿದ್ದು ನನ್ನ ಗಂಡ ಅವರ ಹೊಟ್ಟೆಯಲ್ಲಿದ್ದಾಗ. ಈಗ ಅವನ ಕಿವಿಯ ಮೇಲೆ ಬಿಳಿಕೂದಲು ಬಂದಿದೆ. ಕಾಯಂ ಆದರೆ ಕೊನೆಗಾಲಕ್ಕೆ ಒಂದು ಪಿಂಚಣಿ, ಕಾಲಿನ ಹುಣ್ಣಿಗೆ ಆಸ್ಪತ್ರೆ. ಅವರು ತಮಗಾಗಿ ಕೇಳಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ.

"ಬೋಳಿಮಗನೇ," ಎಂದು ಅವನಿಗೆ ಕೇಳುವ ಹಾಗೆಯೇ ಹೇಳಿ, ಸೀರೆ ಎತ್ತಿಕಟ್ಟಿ ಇಳಿದರು. ಮಧ್ಯಾಹ್ನದವರೆಗೆ ಹೂಳೆತ್ತಿದರು. ಫೋನಿನ ಲೆಕ್ಕದಲ್ಲಿ ಅವರು ಅಲ್ಲಿ ಇರಲೇ ಇಲ್ಲ.

ಅವತ್ತು ನಾನು ಅಕ್ಕಿ ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಅತ್ತೆಯ ಕೆಲಸ ಮುಗಿದಿತ್ತು. ಬಚ್ಚಲಲ್ಲಿ ಸೋಪಿನ ನೊರೆ. ಪಾತ್ರೆ ತಿಕ್ಕುವ ನಾರು ಒದ್ದೆ. ಕಿಟಕಿಯ ಕಟ್ಟೆಯ ಮೇಲೆ ಫೋನನ್ನು ತೊಳೆದ ಲೋಟದ ಹಾಗೆ ಬೋರಲು ಹಾಕಿದ್ದರು. ಅದರ ತುದಿಯಿಂದ ಒಂದು ಹನಿ ಇಳಿಯಲೋ ಬೇಡವೋ ಎಂದು ನಿಂತಿತ್ತು.

ನಾನು ಅಕ್ಕಿಯ ಚೀಲವನ್ನು ಅಲ್ಲೇ ಇಳಿಸಿದೆ. "ಅತ್ತೆ! ನೀರಲ್ಲಿ ಹಾಕಿದ್ರಾ?"

"ಹಾಕದೇ ಕ್ಲೀನ್ ಆಗುತ್ತೇನೇ? ನಿಮ್ಮಪ್ಪನ ಮನೇಲಿ ಒಣಗಿಸಿ ತೊಳೀತಿದ್ರಾ?"

"ಅದು ಫೋನು ಅತ್ತೆ. ನೀರು ತಾಗಿದ್ರೆ ಕೆಡುತ್ತೆ."

"ಕೆಟ್ಟಿರೋದು ಇನ್ನೇನು ಕೆಡುತ್ತೆ? ಸತ್ತಿದೆ ಅದು. ಹೆಣನಾದ್ರೂ ತೊಳೆದೇ ಕಳಿಸ್ತಾರೆ." ಅವರು ಕೈ ಒರೆಸಿಕೊಂಡರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ. "ಹೆಂಗಿದ್ರೂ ಹೊಸದು ಕೊಡ್ತಾರೆ, ಇದನ್ನ ಎಸೀತಾರೆ. ಅವನು ಕ್ಲೀನ್ ಮಾಡ್ಕೊಂಡು ಬಾ ಅಂದ, ಮಾಡಿದೀನಿ. ಹುಟ್ಟಿದಾಗಿಂದ ಇದೇ ಮಾತು ಕೇಳ್ತಾ ಬಂದಿದೀನಿ. ಕ್ಲೀನ್ ಅಂದ್ರೆ ಏನು ಅಂತ ನೀನು ನಂಗೆ ಹೇಳ್ಕೊಡ್ತೀಯಾ?"

ನಾನು ಫೋನ್ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಗುಳುಗುಳು ಎನ್ನಲಿಲ್ಲ. ನನಗೂ ಒಂದು ಗಳಿಗೆ, ಏನೂ ಆಗಿಲ್ಲವೇನೋ ಅನಿಸಿತು.

ಮರುದಿನ ಕೆಲಸದ ನಡುವೆ ಬುಟ್ಟಿ ಕೆಳಗಿಟ್ಟು, "ಹೆಂಗೂ ನಾನು ಇಲ್ಲದೋಳು. ಇಲ್ಲದೋಳು ಎದ್ದು ಹೋದ್ರೆ ಯಾವನು ಕೇಳ್ತಾನೆ?" ಎಂದು ಅತ್ತೆ ಹೊರಟರು. ನನ್ನ ಮುಖ ಬೆಳಗ್ಗೆ ಫೋನಿಗೆ ಬಿದ್ದಿತ್ತು. ನಾನು ಹೊಟ್ಟೆನೋವು ಎಂದು ಹೇಳಿ ಹಿಂದೆ ಹೋದೆ. ಮನೆಯಲ್ಲಿ ಅವರು ತಲೆಗೆ ನೀರು ಹಾಕಿಕೊಂಡು, ಮದುವೆಮನೆಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟರು. ಉಗುರು ಸಂದಿಯನ್ನು ಕಡ್ಡಿಯಿಂದ ಕೆದಕಿದರು. ಫೋನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದರು. ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಾರೂ ಹೇಳುವ ಮುಂಚೆಯೇ ಮ್ಯಾಟಿನ ಪಕ್ಕದಿಂದ ಒಳಗೆ ನಡೆದರು.

"ಹಾಂ, ಹೀಗೆ ಬರ್ಬೇಕು," ಎಂದ ಕೌಂಟರಿನವನು. ಈ ಸಲ ಫೋನನ್ನು ಕೈಯಲ್ಲೇ ತೆಗೆದುಕೊಂಡ. ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು: ನೋಡಿದೆಯಾ?

ಅವನು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಮುಚ್ಚಳ ಬಿಚ್ಚಿದ. ಬಗ್ಗಿ ನೋಡಿದ. ಮೂಸಿದ. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ.

"ಸಾರ್, ಇಲ್ಲಿ ಬನ್ನಿ! ಸೋಪಿನ ವಾಸನೆ ಬರ್ತಿದೆ ಸಾರ್!"

ಒಳಗಿನ ಕೋಣೆಯಿಂದ ಮ್ಯಾನೇಜರ್ ಬಂದ. ಫೋನಿನೊಳಗೆ ಅಕ್ಕಿಕಾಳಿನಷ್ಟು ಒಂದು ಚುಕ್ಕೆಯನ್ನು ಬೆರಳಲ್ಲಿ ತೋರಿಸಿದ. "ನೋಡಮ್ಮ. ಇದು ಬೆಳ್ಳಗಿರ್ಬೇಕು. ಕೆಂಪಾಗಿದೆ. ಒಳಗೆ ನೀರು ಹೋದ್ರೆ ಕೆಂಪಾಗುತ್ತೆ. ವಾರಂಟಿ ಹೋಯ್ತು. ತಗೊಂಡು ಹೋಗು."

"ನೀರು ಹೋಗದೇ ಏನು?" ಅತ್ತೆಗೆ ಇನ್ನೂ ಅರ್ಥವಾಗಿರಲಿಲ್ಲ. "ನಾನೇ ತೊಳೆದಿದೀನಿ. ನಿಮ್ಮೋನೇ ಹೇಳಿದ್ದು, ಕ್ಲೀನ್ ಮಾಡ್ಕೊಂಡು ಬಾ ಅಂತ. ಅದಕ್ಕಿಂತ ಮುಂಚೆನೇ ಕೆಟ್ಟಿತ್ತು ಸಾರ್."

"ನಾನು ಹಂಗೆ ಹೇಳೇ ಇಲ್ಲ ಸಾರ್."

"ಲೋ, ಮೊನ್ನೆ ಇಲ್ಲೇ ನಿಂತ್ಕೊಂಡು ಹೇಳ್ಲಿಲ್ವೇನೋ?"

"ಒರೆಸ್ಕೊಂಡು ಬಾ ಅಂದಿರ್ಬೋದು. ತೊಳಿ ಅಂದ್ನಾ? ಕ್ಲೀನ್ ಅಂದ್ರೆ ಒಣ ಬಟ್ಟೆಲಿ ಒರೆಸೋದು. ಅಷ್ಟೂ ಗೊತ್ತಾಗಲ್ವಾ?"

ಅತ್ತೆ ಸುತ್ತ ನೋಡಿದರು. ಗೋಡೆ ಬದಿಯಲ್ಲಿ ಆ ಸಮವಸ್ತ್ರದ ಹೆಂಗಸು ಬಕೆಟ್ಟಿನ ಪಕ್ಕ ನಿಂತಿದ್ದಳು. "ಇವಳನ್ನ ಕೇಳಿ. ಇವಳಿದ್ಲು ಆವತ್ತು. ಹೇಳವ್ವ ತಾಯಿ, ಏನಂದ ಇವನು?"

ಅವಳ ಬಾಯಿ ತೆರೆಯಿತು. ಮ್ಯಾನೇಜರ್ ಅವಳನ್ನೇ ನೋಡಿದ.

"ನಾನು ನೆಲ ನೋಡ್ತಿದ್ದೆ," ಎಂದಳು.

ಅತ್ತೆ ಮ್ಯಾನೇಜರನ ಕಡೆ ತಿರುಗಿ ಕೈಮುಗಿದರು. ಅವರು ಕೈಮುಗಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಸಾರ್, ಮೊನ್ನೆ ಗಟಾರದ ವಾಸನೆ ಅಂದ್ರಿ. ಇವತ್ತು ಸೋಪಿನ ವಾಸನೆ ಅಂತೀರಿ. ಯಾವ ವಾಸನೆ ಬಂದ್ರೆ ಕೊಡ್ತೀರಪ್ಪ? ಈ ತಿಂಗಳು ನನ್ನ ಮುಖ ಬೀಳದೇ ಇದ್ರೆ ನನ್ನ ಕೆಲಸ ಕಾಯಂ ಆಗಲ್ಲ. ನನ್ನ ಜೀವಮಾನ ಎಲ್ಲ ನಿಮ್ಮ ಗಟಾರದಲ್ಲಿದೆ ಸಾರ್. ಬೇರೆ ಏನೂ ಬೇಡ, ಮುಖ ಬೀಳೋ ಹಾಗೆ ಮಾಡ್ಕೊಡಿ."

"ಅದು ನಿನ್ನ ಕಂಟ್ರಾಕ್ಟರ್‌ಗೆ ಹೇಳ್ಕೊ. ಹಿಂದೆ ಜನ ಕಾಯ್ತಿದಾರೆ, ಸರಿ ಆಚೆ." ಮ್ಯಾನೇಜರ್ ಬಿಚ್ಚಿದ ಫೋನನ್ನು, ಮುಚ್ಚಳವನ್ನು ಬೇರೆ ಬೇರೆಯಾಗಿಯೇ ಅವರ ಕಡೆ ತಳ್ಳಿದ. ಅತ್ತೆಯ ಕೈ ಕೌಂಟರಿನ ಗಾಜಿನ ಮೇಲಿತ್ತು. ಅದನ್ನು ನೋಡಿ, ಕೌಂಟರಿನವನಿಗೆ ಇಂಗ್ಲಿಷಿನಲ್ಲಿ ಏನೋ ಅಂದು, ಕನ್ನಡದಲ್ಲಿ ಮುಗಿಸಿದ: "ಇವ್ರು ಹೋದ್ಮೇಲೆ ಇದನ್ನೊಂದ್ಸಲ ಕ್ಲೀನ್ ಮಾಡಿಸು."

ಅತ್ತೆ ತಮ್ಮ ಕೈಯನ್ನು ನೋಡಿಕೊಂಡರು. ಕೆದಕಿ ಕೆದಕಿ ಬಿಳಿ ಮಾಡಿದ್ದ ಉಗುರುಗಳು.

"ಏನಂದ್ರಿ?"

"ನಿಂಗಲ್ಲಮ್ಮ, ಹೋಗು."

"ಕ್ಲೀನ್ ಮಾಡಿಸ್ಬೇಕಾ?" ಅತ್ತೆ ಮದುವೆಮನೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಗಟಾರಕ್ಕೆ ಇಳಿಯುವಾಗ ಸಿಕ್ಕಿಸುವ ಹಾಗೆ. "ಬೇರೆಯೋರು ಯಾಕೆ ಸಾರ್? ನಾನಿದೀನಲ್ಲ."

ಅವರು ಗೋಡೆ ಬದಿಗೆ ಹೋಗಿ ಬಕೆಟ್ಟಿನ ಹಿಡಿಗೆ ಕೈಹಾಕಿದರು. ಆ ಹೆಂಗಸಿನ ಕೈಯೂ ಹಿಡಿಯ ಮೇಲೇ ಇತ್ತು. ಇಬ್ಬರೂ ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ ಅವಳು ಹಿಡಿ ಬಿಟ್ಟಳು.

ತುಂಬಿದ ಬಕೆಟ್ಟು. ಅತ್ತೆಗೆ ಅದೇನು ಭಾರ? ಹೂಳಿನ ಬುಟ್ಟಿ ಎತ್ತುವ ರಟ್ಟೆಯಲ್ಲಿ ಎತ್ತಿ, ಕೌಂಟರಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಏಟಿಗೆ ಎರಚಿದರು. ಸಾಲಾಗಿ ನಿಲ್ಲಿಸಿದ್ದ ಹೊಸ ಫೋನುಗಳು ತೇಲಿ ಕೆಳಗೆ ಬಿದ್ದವು. ಕಂಪ್ಯೂಟರ್ ಚಟಚಟ ಎಂದು ಕಣ್ಣು ಮುಚ್ಚಿತು. ಕೌಂಟರಿನವನ ಅಂಗಿ ಮೈಗೆ ಅಂಟಿಕೊಂಡಿತ್ತು, ಅವನು ಬಾಯಿಬಾಯಿ ಬಿಡುತ್ತಿದ್ದ. ಕುರ್ಚಿಯವರು ಕಾಲು ಮೇಲೆತ್ತಿಕೊಂಡು ಕಿರುಚಿದರು.

"ನಮ್ಮಲ್ಲಿ ಕ್ಲೀನ್ ಅಂದ್ರೆ ಇದು ಕಣೋ!" ಎಂದರು ಅತ್ತೆ. ಅವರ ದನಿ ಮೂರು ಬೀದಿ ದಾಟಿತು. "ನೋಡ್ಕೊ! ಇವೆಲ್ಲದರೊಳಗೂ ಈಗ ಕೆಂಪಾಗಿರ್ತದೆ, ಬಿಚ್ಚಿ ನೋಡು!"

ನಾನು ಓಡಿಹೋಗಿ ಅವರ ತೋಳು ಹಿಡಿದು ಎಳೆದೆ. "ಬನ್ನಿ ಅತ್ತೆ, ಹೋಗೋಣ, ಹೋಗೋಣ."

"ತಡಿಯೇ." ಅವರು ಒರೆಸುವ ಕೋಲು ಎತ್ತಿಕೊಂಡರು. "ನೀರು ಹಾಕಿ ಎಳೀದೆ ಬಿಟ್ಟು ಹೋದ್ರೆ ಜನ ಏನಂತಾರೆ?" ಎಂದು ಕೌಂಟರಿನ ಮೂಲೆಯಿಂದ ಎಳೆಯತೊಡಗಿದರು. ಅವಸರವಿಲ್ಲ. ಒಂದು ಸಂದಿ ಬಿಡಲಿಲ್ಲ.

ಮ್ಯಾನೇಜರ್ ಜೇಬಿನಿಂದ ತನ್ನ ಫೋನ್ ತೆಗೆದು ಅವರ ಮುಂದೆ ಹಿಡಿದ. ಒದ್ದೆ ನೆಲದಲ್ಲಿ ಕಾಲು ಜಾರಿ ಫೋನ್ ಅಲ್ಲಾಡಿತು. "ಪೊಲೀಸಿಗೆ ಕೊಡ್ತೀನಿ! ತಿರುಗು ಈ ಕಡೆ! ಎಲ್ಲಿ, ಮುಖ ತೋರ್ಸು!"

ಅತ್ತೆ ಎಳೆಯುವುದನ್ನು ನಿಲ್ಲಿಸಿದರು. ಕೋಲನ್ನು ನನ್ನ ಕೈಗೆ ಕೊಟ್ಟರು. ಸೆರಗಿನಿಂದ ಹಣೆ, ಕೆನ್ನೆ ಒರೆಸಿಕೊಂಡು, ಕೂದಲು ಹಿಂದಕ್ಕೆ ಸರಿಸಿ, ಪಂಪ್‌ಹೌಸಿನ ಗೋಡೆಯ ಪಕ್ಕ ನಿಲ್ಲುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಅವನ ಫೋನಿನ ಎದುರು ನಿಂತರು. ಇನ್ನೊಂದು ಹೆಜ್ಜೆ ಹತ್ತಿರ ಹೋದರು. ಅವನು ಹಿಂದೆ ಸರಿದ.

"ಅಲ್ಲಾಡ್ಸಬೇಡ ಸಾರ್," ಎಂದರು. "ಸರಿಯಾಗಿ ಹಿಡ್ಕೊ. ಪೂರ್ತಿ ಬರ್ಲಿ."

ಆಮೇಲೆ ಒಮ್ಮೆ ಕಣ್ಣು ಮಿಟುಕಿಸಿದರು.

"ಬಿತ್ತಾ?"